ಹೊರಗಿನಿಂದ ಕೀಲಿ ಹಾಕಿದ ಜನಾನಾ

ಆ ಕಾಲದಲ್ಲಿ ಬಸವಕಲ್ಯಾಣದ ಟಾಕೀಸಿನಲ್ಲಿ ಹೆಂಗಸರಿಗೆ ಬೇರೆ ಜಾಗವಿತ್ತು. ಅದಕ್ಕೆ ಜನಾನಾ ಎನ್ನುತ್ತಿದ್ದರು. ಗಂಡಸರು ಬಜಾರದ ಕಡೆಯಿಂದ ಒಳಗೆ ಹೋದರೆ ನಾವು ಹಿಂದಿನ ಇಕ್ಕಟ್ಟಾದ ಓಣಿಯಿಂದ ಹೋಗಬೇಕು. ಒಳಗೆ ಹಾಲಿನ ಎಡಕ್ಕೆ ಒಂದು ಅಡ್ಡಗೋಡೆ. ಭುಜದ ಮಟ್ಟದವರೆಗೆ ಇಟ್ಟಿಗೆ, ಅದರ ಮೇಲೆ ದೊಡ್ಡವರ ಕೈಗೂ ಎಟುಕದ ಎತ್ತರಕ್ಕೆ ಹಲಗೆ. ಗೋಡೆಯ ಈ ಕಡೆ ನಾವು, ಆ ಕಡೆ ಅವರು, ಮುಂದೆ ಎಲ್ಲರಿಗೂ ಒಂದೇ ಪರದೆ. ಮುಡಿದ ಮಲ್ಲಿಗೆ, ಬೆವರು, ಕೂಸುಗಳ ಪೌಡರು, ಯಾರದೋ ಚೀಲದೊಳಗಿನ ಒಗ್ಗರಣೆ ಅವಲಕ್ಕಿ ಎಲ್ಲ ಸೇರಿ ಅಲ್ಲೊಂದು ವಾಸನೆ ಇರುತ್ತಿತ್ತು. ಅದು ಮೂಗಿಗೆ ಬಂದರೆ ಸಾಕು, ಸಿನಿಮಾ ಶುರುವಾಗುವ ಮೊದಲೇ ನನಗೆ ಸುಖವಾಗುತ್ತಿತ್ತು.

ಆ ಟಾಕೀಸನ್ನು ಈಗ ಕೆಡವಿದ್ದಾರೆ. ಹೋದ ತಿಂಗಳು ನಮ್ಮ ಕಡೆಯವರ ಒಂದು ವಾಟ್ಸಾಪ್ ಗುಂಪಿನಲ್ಲಿ ಅದರ ಫೋಟೊ ಬಂತು. ಅರ್ಧ ಬಿದ್ದ ಗೋಡೆ, ಮುಂದೆ ಜೆಸಿಬಿ. ಕೆಳಗೆ ಒಬ್ಬರು ಬರೆದಿದ್ದರು: ಎಂಥ ಮರ್ಯಾದೆಯ ಕಾಲ ಅದು, ನಮ್ಮ ತಾಯಂದಿರು, ಅಕ್ಕತಂಗಿಯರು ಜನಾನಾದಲ್ಲಿ ಎಷ್ಟು ಸುರಕ್ಷಿತವಾಗಿ ಕುಳಿತು ಸಿನಿಮಾ ನೋಡುತ್ತಿದ್ದರು. ಅದರ ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರಗಳು. ನಾನು ಉತ್ತರ ಬರೆದೆ, ಅಳಿಸಿದೆ, ಮತ್ತೆ ಬರೆದೆ, ಮತ್ತೆ ಅಳಿಸಿದೆ. ಅಲ್ಲಿ ನಾಲ್ಕು ಸಾಲಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಜನಾನಾದಲ್ಲಿ ಬೆಂಕಿಯ ಹೊಗೆ ತುಂಬಿದ ಮಧ್ಯಾಹ್ನ ನಾನು ಅದರೊಳಗಿದ್ದೆ. ನನಗಾಗ ಹತ್ತು ವರ್ಷ.

ನಮ್ಮ ಮನೆ ಹುಮನಾಬಾದಿನಲ್ಲಿ. ಅಪ್ಪ ಅಲ್ಲಿಯ ಔಷಧಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಗಾಳಿ ಆ ಕಡೆಯಿಂದ ಬೀಸಿದ ದಿನ ಅನ್ನಕ್ಕೂ ಔಷಧಿಯ ವಾಸನೆ. ಪರೀಕ್ಷೆ ಮುಗಿದ ಮರುದಿನವೇ ನನ್ನನ್ನು ಬಸವಕಲ್ಯಾಣದ ಬಸ್ಸಿಗೆ ಹತ್ತಿಸುತ್ತಿದ್ದರು. ಅಲ್ಲಿ ಅವ್ವನ ತಂಗಿ ಮಹಾದೇವಿ ಮೌಶಿ, ಅವಳ ಗಂಡ ಶರಣಪ್ಪ ಕಾಕಾ, ಐದು ವರ್ಷದ ಮಗಳು ಸವಿತಾ. ಕಾಕಾನದು ಕಿರಾಣಿ ಅಂಗಡಿ. ಬಹಳ ಮೆತ್ತಗಿನ ಮನುಷ್ಯ. ನಾನು ಬಂದೆನೆಂದರೆ ಮಾವಿನಕಾಯಿಯ ಬುಟ್ಟಿಯನ್ನು ತಾನೇ ಹೊತ್ತು ತಂದು ಹುಲ್ಲಿನಲ್ಲಿ ಮುಚ್ಚಿಡುತ್ತಿದ್ದ, ದಿನಾ ಬೆಳಗ್ಗೆ ಒಂದೊಂದನ್ನೇ ಒತ್ತಿ ನೋಡಿ ಹಣ್ಣಾದದ್ದನ್ನು ನನ್ನ ಕೈಗೆ ಕೊಡುತ್ತಿದ್ದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಅವನ ಮೇಲೆ ಸಿಟ್ಟಾಗುವುದಿದೆ, ಆ ಸಿಟ್ಟು ಕೆಟ್ಟ ಮನುಷ್ಯನ ಮೇಲಿನ ಸಿಟ್ಟೆಂದು ಯಾರೂ ತಿಳಿಯಬಾರದು.

ಮೌಶಿ ಸಿನಿಮಾದ ಹುಚ್ಚಿ. ಆ ಹುಚ್ಚು ನನಗೆ ಬಂದದ್ದು ಅವಳಿಂದಲೇ. ವಾರಕ್ಕೊಂದು ಮಧ್ಯಾಹ್ನ, ಕಾಕಾ ಊಟ ಮಾಡಿ ಅಂಗಡಿಗೆ ಹೋದಮೇಲೆ, ಅವಳು ಇಸ್ತ್ರಿ ಮಾಡಿಟ್ಟ ಸೀರೆ ಉಟ್ಟು ಪಕ್ಕದ ಮನೆಯ ಝುಬೇದಾ ಖಾಲಾಳನ್ನು ಕರೆದುಕೊಂಡು ಹೊರಡುತ್ತಿದ್ದಳು. ಆ ಮೂರು ತಾಸು ಅವಳಿಗೆ ಎಂಥದ್ದಾಗಿತ್ತೆಂದು ಆಗ ನನಗೆ ತಿಳಿಯುತ್ತಿರಲಿಲ್ಲ. ಆದರೆ ಹಿಂದಿರುಗಿ ಬಂದಮೇಲೆ ನಡೆಯುತ್ತಿದ್ದುದು ಚೆನ್ನಾಗಿ ನೆನಪಿದೆ. ಓಣಿಯಲ್ಲಿ ಟಾಕೀಸಿಗೆ ಹೋಗಲು ಅಪ್ಪಣೆ ಇಲ್ಲದ ಹೆಂಗಸರು ಬಹಳ ಮಂದಿ. ಅವರೆಲ್ಲ ಸಂಜೆ ಜೋಳ ಹಸನು ಮಾಡುವ ಮೊರ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದು ಕೂತುಬಿಡುತ್ತಿದ್ದರು. ಮೌಶಿ ಸಿನಿಮಾ ಹೇಳಲು ಶುರುಮಾಡುತ್ತಿದ್ದಳು. ಬರೀ ಕಥೆಯಲ್ಲ. ನಾಯಕಿ ಹೇಗೆ ತಿರುಗಿ ನೋಡಿದಳು, ಆ ಸೀರೆಯ ಅಂಚು ಯಾವ ಬಣ್ಣದ್ದು, ಅತ್ತೆಯ ಪಾತ್ರದವಳು ಎಲ್ಲಿ ಕೆಮ್ಮಿದಳು, ಎಲ್ಲ. ಹಾಡು ಬಂದರೆ ಹಾಡಿಯೇ ಮುಂದಿನ ಮಾತು. ಒಂದು ಸಲ ಕೇಳಿದ ಧಾಟಿ ಅವಳಿಗೆ ಮರೆಯುತ್ತಿರಲಿಲ್ಲ. ಅವ್ವನೂ ಮೌಶಿಯೂ ನಿರ್ಣಾ ಎಂಬ ಹಳ್ಳಿಯವರು. ಅಲ್ಲಿ ಅವರಪ್ಪ ಭಜನೆಗೆ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದನಂತೆ. ಸಿನಿಮಾ ಸಪ್ಪೆಯಿದ್ದರೆ ಕೊನೆಯನ್ನು ಅವಳೇ ಬದಲಿಸಿಬಿಡುತ್ತಿದ್ದಳು. ಮುಂದೆ ಅದೇ ಸಿನಿಮಾಗಳನ್ನು ಟೀವಿಯಲ್ಲಿ ನೋಡಿದಾಗ ನನಗೆ ಮೋಸ ಹೋದಂತಾಗುತ್ತಿತ್ತು. ಮೌಶಿಯ ಸಿನಿಮಾದಲ್ಲಿ ಬದುಕಿದ್ದ ತಂಗಿಯರು ಇಲ್ಲಿ ಸತ್ತೇ ಹೋಗಿರುತ್ತಿದ್ದರು.

ಆ ವರ್ಷ ಬೇಸಿಗೆಯ ಮೊದಲಲ್ಲೇ ಹುಮನಾಬಾದಿಗೆ ಒಂದು ನಾಟಕ ಕಂಪನಿ ಬಂದಿತ್ತು. ಹೆದ್ದಾರಿ ಪಕ್ಕದ ಬಯಲಿನಲ್ಲಿ ತಗಡು, ಗೋಣಿತಟ್ಟು, ಬಿದಿರು ಗಳಗಳ ಥಿಯೇಟರು. ಪಕ್ಕದ ಹುಡಗಿ ಊರಿನಿಂದ, ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರು ತುಂಬಿ ಜನ ಬರುತ್ತಿದ್ದರು. ಮೌಶಿ ಆ ನಾಟಕಕ್ಕೆಂದೇ ನಮ್ಮ ಮನೆಗೆ ಬಂದು ಎರಡು ದಿನ ಉಳಿದಳು. ಸಂಗೀತದ ನಾಟಕ. ರಾಜನ ಪಾತ್ರದವನಿಗೆ ಹೊಟ್ಟೆ ಎಷ್ಟಿತ್ತೆಂದರೆ ಬತ್ತಳಿಕೆಯ ಪಟ್ಟಿ ಸುತ್ತಿ ಬರದೆ ಹೆಗಲ ಮೇಲೆ ಸುಮ್ಮನೆ ಇಟ್ಟುಕೊಂಡಿದ್ದ. ಅವನ ಗಂಟಲು ಒಡೆದಿತ್ತು; ಖಳನಾಯಕನದು ಜೇನಿನಂಥ ಗಂಟಲು. ಇಂಥ ಧ್ವನಿಯವನು ಸೋಲಬೇಕು, ಅಂಥ ಧ್ವನಿಯವನು ಗೆಲ್ಲಬೇಕೆಂದರೆ ಏನು ನ್ಯಾಯವೆಂದು ನಾನು ಅಲ್ಲೇ ತಕರಾರು ತೆಗೆದೆ. ಮೌಶಿ ನಗುತ್ತ, "ನೀ ಕಣ್ಣ ಮುಚ್ಕೊಂಡ್ ಕೇಳು, ಯಾರ ಗೆದ್ರು ನಿನಗ ಗೊತ್ತಾಗತದ" ಅಂದಳು. ಕಣ್ಣು ಮುಚ್ಚಿ ಕೇಳಿದೆ. ಖಳನಾಯಕನೇ ಗೆದ್ದ. ಹಾಡು ಕೇಳುವುದು ಹೇಗೆಂದು ನನಗೆ ಕಲಿಸಿದ್ದು ಆ ಒಂದು ಮಾತು. ಸೆಖೆಯಾದಾಗ ಪಕ್ಕದಲ್ಲಿದ್ದ ಮುದುಕಿ ತಟ್ಟಿನ ಅಂಚನ್ನು ಕೈಯಿಂದಲೇ ಎತ್ತಿ, ಹೊರಗೆ ಹೋಗಿ ನೀರು ಕುಡಿದು, ಹಾಗೆಯೇ ಒಳಗೆ ಬಂದಳು. ಯಾರೂ ಏನೂ ಅನ್ನಲಿಲ್ಲ.

ಆ ಬೇಸಿಗೆಯ ದೊಡ್ಡ ಸಿನಿಮಾ ಬಸವಕಲ್ಯಾಣಕ್ಕೆ ಬಂದದ್ದು ಮೇ ತಿಂಗಳಲ್ಲಿ. ಅದರ ಹೆಸರು ಬರೆಯುವುದಿಲ್ಲ; ಅದಕ್ಕೆ ಇವತ್ತಿಗೂ ಅಭಿಮಾನಿಗಳಿದ್ದಾರೆ. ನಾಯಕನದು ಜೋಡಿ ಪಾತ್ರ. ಮೊದಲ ಭಾಗದಲ್ಲಿ ಲಾರಿ ಓಡಿಸುವ ತಮ್ಮ. ಪೊಲೀಸು ಅಣ್ಣ ಬರುವುದು ಮಧ್ಯಂತರದ ಮೇಲೆ. ಊರಲ್ಲೆಲ್ಲ ಅದೇ ಮಾತು. ಆಟೊಗೆ ಮೈಕು ಕಟ್ಟಿ ಕೂಗುತ್ತ ಓಣಿ ಓಣಿ ತಿರುಗಿದರು. ಮೌಶಿ ಮೂರು ದಿನ ಮೊದಲೇ ಸೀರೆ ಆರಿಸಿಟ್ಟಳು.

ಇನ್ನು ಬಾಗಿಲಿನ ವಿಷಯ. ಜನಾನಾಕ್ಕೆ ಒಂದೇ ಬಾಗಿಲು, ಅದು ಆ ಹಿಂದಿನ ಓಣಿಗೆ ತೆರೆಯುತ್ತಿತ್ತು. ಸಿನಿಮಾ ಶುರುವಾದ ಮೇಲೆ ಅದಕ್ಕೆ ಹೊರಗಿನಿಂದ ಕೀಲಿ ಬೀಳುತ್ತಿತ್ತು. ಟಾಕೀಸಿನವರು ತಾವಾಗಿ ಮಾಡಿದ ಪದ್ಧತಿಯಲ್ಲ ಅದು. ನಾನು ಹುಟ್ಟುವ ಮೊದಲು ಯಾವುದೋ ಹಬ್ಬದ ದಿನ ನಾಲ್ಕು ಪುಂಡರು ಜನಾನಾದೊಳಗೆ ನುಗ್ಗಿದ್ದರಂತೆ. ಆಗ ಓಣಿಗಳ ಹಿರಿಯರು, ಅಂಗಡಿಕಾರರು ಕೂಡಿ ಮ್ಯಾನೇಜರನ ಹತ್ತಿರ ಹೋಗಿ, ಕೀಲಿ ಹಾಕಿಸುತ್ತೀರೆಂದರೆ ನಮ್ಮ ಹೆಂಗಸರನ್ನು ಕಳಿಸುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದು ಹೇಳಿ ಬಂದರು. ಹೊಸದಾಗಿ ಮದುವೆಯಾಗಿದ್ದ ಶರಣಪ್ಪ ಕಾಕಾನೂ ಅವರ ಜೊತೆಗಿದ್ದ. ಮೌಶಿ ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದಳು. ನನ್ನ ಗಂಡ ನನಗೆ ಸಿನಿಮಾ ನೋಡುವ ದಾರಿ ಮಾಡಿಕೊಟ್ಟ ಅನ್ನುವ ಅರ್ಥದಲ್ಲಿ. ಮಧ್ಯಂತರದಲ್ಲೂ ಆ ಬಾಗಿಲು ತೆರೆಯುತ್ತಿರಲಿಲ್ಲ. ಶೇಂಗಾ, ಸೋಡಾ ಎಲ್ಲ ಗೋಡೆಯಲ್ಲಿದ್ದ ಗೇಣುದ್ದದ ಕಿಂಡಿಯಿಂದ ಬರುತ್ತಿತ್ತು. ನಾವ್ಯಾರೂ ಅದನ್ನು ಅವಮಾನ ಅಂದುಕೊಂಡಿರಲಿಲ್ಲ. ಕೀಲಿ ಬಿದ್ದ ಸದ್ದು ಕೇಳಿದರೆ ಹೆಂಗಸರು ಸೆರಗು ಸಡಿಲಿಸಿ ಕಾಲು ಚಾಚಿ ಕೂರುತ್ತಿದ್ದರು. ಇನ್ನು ಯಾರೂ ಬರುವುದಿಲ್ಲ ಎಂಬ ನಿರಾಳ. ಆ ನಿರಾಳವನ್ನು ನಾನೂ ಉಂಡಿದ್ದೇನೆ. ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವುದೂ ಅದೇ.

ಆ ದಿನ ಜನಾನಾ ಕಿಕ್ಕಿರಿದಿತ್ತು. ನಾನು, ಮೌಶಿ, ತೊಡೆಯ ಮೇಲೆ ಸವಿತಾ, ಪಕ್ಕದಲ್ಲಿ ಖಾಲಾ. ಖಾಲಾ ಬುರ್ಖಾದ ಮುಖವನ್ನು ಹಿಂದಕ್ಕೆ ಎತ್ತಿಹಾಕಿ ಬೀಸಣಿಗೆ ಬೀಸುತ್ತಿದ್ದಳು. ಸಿನಿಮಾದ ಮೊದಲ ಭಾಗ ನನಗೆ ಅಷ್ಟೇನೂ ಹಿಡಿಸಲಿಲ್ಲ. ನಾಯಕಿಗೆ ನಾಲ್ಕೇ ನಾಲ್ಕು ಮಾತು, ಅದರಲ್ಲಿ ಎರಡು 'ಬೇಡ' ಅನ್ನುವವು. ನಾನು ಗೊಣಗಿದರೆ ಮೌಶಿ, ಸುಮ್ಮನಿರು, ಸಂಜೆ ಕಥೆ ಹೇಳುವಾಗ ನಾನು ಅವಳಿಗೆ ಮಾತು ಕೊಡುತ್ತೇನೆ ಎಂದು ಕಿವಿಯಲ್ಲಿ ಹೇಳಿದಳು.

ಮಧ್ಯಂತರ ಮುಗಿಯಿತು. ಪೊಲೀಸು ಅಣ್ಣನ ಬೂಟು ಪರದೆಯ ಮೇಲೆ ಬಂದದ್ದೇ ತಡ, ಗೋಡೆಯ ಆ ಕಡೆ ಸಿಳ್ಳೆಯ ಮಳೆ. ಅಭಿಮಾನಿಗಳು ಕರ್ಪೂರವನ್ನು ಅವನಿಗಾಗಿ ಉಳಿಸಿಕೊಂಡಿದ್ದರು. ಪರದೆಯ ಮುಂದಿನ ಕಟ್ಟೆ ಹತ್ತಿ, ಕುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ ಆರತಿ ಎತ್ತಿದರು. ಹರಿದ ಕಾಗದದ ಚೂರು ಗಾಳಿಯಲ್ಲಿ ತುಂಬಿತ್ತು. ಬೆಂಚಿನ ಮೇಲೆ ನಿಂತು ಹಲಗೆಯ ಸಂದಿಯಿಂದ ನಾನು ಕಂಡದ್ದು ಇಷ್ಟು: ಒಬ್ಬನ ಕೈ ಮೇಲೆ ಹೋಯಿತು, ಉರಿಯುವ ಚೂರೊಂದು ಜಾರಿತು, ಪರದೆಯ ಪಕ್ಕದ ಹಳೆಯ ಮಖಮಲ್ ತೆರೆಯ ಬುಡದಲ್ಲಿ ಕಿತ್ತಳೆ ಬಣ್ಣದ ಬಾಲದಂಥದ್ದೊಂದು ಎದ್ದಿತು. ಜನ ಚಪ್ಪಾಳೆ ಹೊಡೆದರು. ಅದೂ ಆರತಿಯ ಭಾಗವೆಂದೇ ತಿಳಿದರು.

ಉರಿ ದೊಡ್ಡದಾಗಿರಲಿಲ್ಲ. ಎಲ್ಲರೂ ಅದನ್ನೇ ಹೇಳುತ್ತಾರೆ, ನಿಜವೂ ಹೌದು. ಆದರೆ ಆ ತೆರೆಯ ಹಿಂದೆ ಗೋಡೆಗೆ ಸದ್ದು ತಡೆಯಲೆಂದು ಗೋಣಿತಟ್ಟು ಬಡಿದಿದ್ದರು. ಅದು ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಹೊಗೆ ಕಪ್ಪಗೆ, ದಪ್ಪಗೆ, ಮೊದಲು ಮೇಲೆ ಹೋಗಿ ಚಾವಣಿಯ ತಗಡಿಗೆ ತಾಗಿ, ಹಲಗೆಯ ಮೇಲಿಂದ ನಮ್ಮ ಕಡೆಗೆ ಇಳಿಯತೊಡಗಿತು. ಸಿನಿಮಾ ಇನ್ನೂ ಓಡುತ್ತಲೇ ಇತ್ತು. ನಾಯಕನ ಮುಖದ ಮೇಲೆ ಹೊಗೆ ಸುತ್ತುತ್ತಿತ್ತು, ಅವನು ಮಾತಾಡುತ್ತಲೇ ಇದ್ದ. ಗಂಡಸರ ಕಡೆ ಎರಡು ದೊಡ್ಡ ಬಾಗಿಲು ಧಡಾರೆಂದು ತೆರೆದ ಸದ್ದು, ಓಡುವ ಕಾಲುಗಳ ಸದ್ದು. ನಮ್ಮ ಕಡೆ ಬಾಗಿಲ ಹತ್ತಿರ ಇದ್ದವರು ಎದ್ದು ತಳ್ಳಿದರು. ಬಾಗಿಲು ಅಲುಗಿತು, ತೆರೆಯಲಿಲ್ಲ.

ಇವತ್ತಿಗೂ ನಾನು ಇಲ್ಲಿಂದ ಮುಂದಿನದನ್ನು ಹಿಂದೆ ಮುಂದೆ ಓಡಿಸಿ ನೋಡುತ್ತೇನೆ. ಎಷ್ಟು ನಿಮಿಷ ಕಳೆಯಿತೆಂದು ನನಗೆ ಗೊತ್ತಿಲ್ಲ. ಐದಿರಬಹುದು, ಹತ್ತಿರಬಹುದು. ಹಿಂದಿನವರೆಲ್ಲ ಬಾಗಿಲ ಕಡೆಗೆ ಒತ್ತಿದರು; ಬಾಗಿಲ ಬಳಿ ಇದ್ದವರಿಗೆ ಉಸಿರಾಡಲೂ ಜಾಗವಿಲ್ಲ. ಒಬ್ಬ ಬಾಣಂತಿ ಕೂಸನ್ನು ತಲೆಯ ಮೇಲೆ ಎತ್ತಿಹಿಡಿದು ನಿಂತಿದ್ದಳು, ಆ ಕೂಸು ಅಳುತ್ತಿರಲಿಲ್ಲ. ಅದು ಅಳಲಿ ಎಂದು ನಾನು ಕಾಯುತ್ತಿದ್ದೆ. ಇಷ್ಟು ಸ್ಪಷ್ಟವಾಗಿ ನನಗೆ ಬೇರೇನೂ ನೆನಪಿಲ್ಲ.

ಖಾಲಾ ಬೆಂಚಿನ ಮೇಲೆ ಹತ್ತಿದಳು. ಹಲಗೆಯ ತುದಿ ಅವಳ ಕೈಗೆ ಸಿಕ್ಕಿತು. "ಮಹಾದೇವಿ, ದರವಾಜಾ ಬಿಡು. ಬಚ್ಚೇಗಳ್ನ ಈ ಕಡಿಂದ ದಾಟ್ಸೋಣು" ಅಂದಳು.

ಮೌಶಿ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ ಮೂರು ದಿನ ಮೊದಲೇ ಆರಿಸಿಟ್ಟಿದ್ದ ಆ ಸೀರೆಯನ್ನು ಬಿಚ್ಚಿದಳು. ಒಂದು ತುದಿಯನ್ನು ಬೆಂಚಿನ ಕಬ್ಬಿಣದ ಕಾಲಿಗೆ ಕಟ್ಟಿ ಇನ್ನೊಂದು ತುದಿಯನ್ನು ಹಲಗೆಯ ಮೇಲಿಂದ ಆ ಕಡೆಗೆ ಎಸೆದಳು. ಖಾಲಾ ಬುರ್ಖಾ ತೆಗೆದು ಹಲಗೆಯ ಚೂಪಿನ ಮೇಲೆ ಹೊದಿಸಿ ಮೊದಲು ತಾನು ಹತ್ತಿ ಆ ಕಡೆ ಜಿಗಿದಳು. ಅವಳ ಕಾಲು ಮುರಿದದ್ದು ಆಗಲೇ. ಮುರಿದ ಕಾಲಿನಲ್ಲೇ ಗೋಡೆಗೊರಗಿ ನಿಂತು ಮೇಲಿಂದ ಇಳಿಸಿದ ಮಕ್ಕಳನ್ನು ಒಂದೊಂದಾಗಿ ಹಿಡಿದಳು. ಮೊದಲು ಆ ಬಾಣಂತಿಯ ಕೂಸು, ಆಮೇಲೆ ಸವಿತಾ, ಆಮೇಲೆ ಸಿಕ್ಕ ಸಿಕ್ಕ ಮಕ್ಕಳು. ನನ್ನ ಸರದಿ ಬಂದಾಗ ನಾನು ಮೌಶಿಯ ಕುತ್ತಿಗೆ ಬಿಡಲಿಲ್ಲ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಉಮಾ, ಹೋಗವ್ವ. ನಾ ಹಿಂದ ಬರ್ತೇನಿ" ಅಂದಳು. ಬಂದದ್ದು ಎಲ್ಲರಿಗಿಂತ ಕೊನೆಗೆ.

ಹೊರಗೆ ಆ ಹೊತ್ತಿನಲ್ಲಿ ಏನು ನಡೆಯುತ್ತಿತ್ತೆಂದು ನನಗೆ ತಿಳಿದದ್ದು ಸಂಜೆ, ಕಾಕಾನ ಬಾಯಿಂದಲೇ. ಬಜಾರದಲ್ಲಿ ಗದ್ದಲ ಕೇಳಿ ಅವನು ಅಂಗಡಿ ಹಾಗೆಯೇ ಬಿಟ್ಟು ಬರಿಗಾಲಲ್ಲಿ ಓಡಿಬಂದಿದ್ದ. ಜನಾನಾದ ಬಾಗಿಲ ಮುಂದೆ ಆಗಲೇ ಇಪ್ಪತ್ತು ಮೂವತ್ತು ಗಂಡಸರು ನಿಂತಿದ್ದರು. ಒಳಗಿನಿಂದ ಬಾಗಿಲು ಬಡಿಯುವುದು ಎಲ್ಲರಿಗೂ ಕೇಳುತ್ತಿತ್ತು. ಆದರೂ ನಿಂತಿದ್ದರು. ಯಾರೋ ಒಬ್ಬ ಕಲ್ಲು ಎತ್ತಿಕೊಂಡರೆ ಇನ್ನೊಬ್ಬ ಅವನ ಕೈ ಹಿಡಿದ. ಹೆಂಗಸರ ಬಾಗಿಲು ಅದು, ಕೀಲಿಯವನು ಬರಲಿ ಅಂದರು. ಅಷ್ಟು ವರ್ಷ ಆ ಬಾಗಿಲನ್ನು ಯಾವ ಗಂಡಸೂ ಮುಟ್ಟಿರಲಿಲ್ಲ. ಮುಟ್ಟಬಾರದೆಂದು ನಿಯಮ ಮಾಡಿದವರೇ ಅವರು. ಕೀಲಿಯವನೋ, ಪೊಲೀಸು ಅಣ್ಣನನ್ನು ನೋಡಲೆಂದು ಗಂಡಸರ ಕಡೆ ಹೋದವನು ಅವರ ಜೊತೆಗೇ ಹೊರಗೆ ಓಡಿ, ಬಜಾರದ ಯಾವುದೋ ಮೂಲೆಯಲ್ಲಿ ಗಾಬರಿಯಿಂದ ನಿಂತಿದ್ದ. ಕೀಲಿಕೈ ಅವನ ಸೊಂಟದಲ್ಲಿತ್ತು. ಅವನನ್ನು ಹುಡುಕಲು ಮೂರು ಕಡೆಗೆ ಜನ ಹೋದರು.

"ಕೊನೀಗಿ ಕಲ್ಲಲೇ ಒಡದ್ರು" ಎಂದು ಕಾಕಾ ಹೇಳಿದ. "ಒಡಿಯಾಕಿಂತ ಮೊದಲ ನಾ ಒದರಿ ಹೇಳ್ದೆ, ಅವ್ವಾಗಳ್ರಾ, ಸೆರಗ ಸರಿ ಮಾಡ್ಕೋರಿ, ಬಾಗಿಲ ತೆಗಿಯಾಕತ್ತೀವಿ ಅಂತ. ಥೋಡೆ ತಡದ್ವಿ. ಆಮ್ಯಾಲ ಒಡದ್ವಿ."

ಥೋಡೆ, ಸ್ವಲ್ಪ ಹೊತ್ತು, ತಡೆದರಂತೆ. ಇದನ್ನು ಅವನು ತಪ್ಪೊಪ್ಪಿಕೊಳ್ಳುವವನಂತೆ ಹೇಳಲಿಲ್ಲ. ಅಂಥ ಗದ್ದಲದಲ್ಲೂ ಮರ್ಯಾದೆ ಮರೆಯಲಿಲ್ಲ ಎಂಬ ಧಾಟಿಯಲ್ಲಿ ಹೇಳಿದ. ಒಳಗಿದ್ದ ಯಾರಿಗೂ ಅವನ ಕೂಗು ಕೇಳಿರಲೇ ಇಲ್ಲ.

ಬಾಗಿಲು ಒಡೆದಾಗ ಹೆಂಗಸರು ಒಬ್ಬರ ಮೇಲೊಬ್ಬರು ಓಣಿಗೆ ಬಿದ್ದರು. ನಾನು, ಸವಿತಾ ಗಂಡಸರ ಬಾಗಿಲಿನಿಂದ ಹೊರಗೆ ಬಂದು, ಸುತ್ತಿ ಆ ಓಣಿಗೆ ಓಡಿ ಮುಟ್ಟಿದ್ದು ಅದೇ ಹೊತ್ತಿಗೆ. ಎಲ್ಲರೂ ಬಂದಮೇಲೆ ಕೊನೆಗೆ ಮೌಶಿ ಬಂದಳು. ಮೈಮೇಲೆ ಕುಪ್ಪಸ, ಲಂಗ. ಮುಖಕ್ಕೆಲ್ಲ ಮಸಿ. ಕೆಮ್ಮುತ್ತಿದ್ದಳು. ಅಷ್ಟು ಮಂದಿ ಗಂಡಸರ ನಡುವೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತು, "ನಮ್ಮ ಹುಡಗ್ರೆಲ್ಲ ಎಲ್ಲಿ?" ಎಂದು ಕೇಳಿದಳು. ಕಾಕಾ ಹೆಗಲ ಮೇಲಿನ ಟವೆಲ್ಲು ತೆಗೆದು ಅವಳ ಮೈಮೇಲೆ ಹಾಕಿದ. ಇಪ್ಪತ್ತೈದು ವರ್ಷವಾದರೂ ನಾನು ಒಂದಕ್ಷರ ಮರೆತಿಲ್ಲ, ಅವನು ಅಂದದ್ದು ಇದು:

"ಹಿಂಗ ಬಂದಿಯಲ್ಲ ಎಲ್ಲಾರ ಮುಂದ."

ಅಷ್ಟೇ. ಬದುಕಿದ್ದೀಯಾ ಎಂದು ಕೇಳಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು, ಅದನ್ನೂ ನಾನು ನೋಡಿದೆ. ಬಾಯಿಂದ ಬಂದದ್ದು ಮಾತ್ರ ಆ ಮಾತು.

ಯಾರೂ ಸಾಯಲಿಲ್ಲ. ಗಂಡಸರ ಬಾಗಿಲಿನಿಂದ ಹೊತ್ತು ತಂದ ಖಾಲಾಳ ಕಾಲು ಸರಿಯಾಗಿ ಕೂಡಲೇ ಇಲ್ಲ. ಸಾಯುವವರೆಗೂ ಅವಳು ಕುಂಟಿದಳು. ಇಬ್ಬರು ಮುದುಕಿಯರು ದವಾಖಾನೆಯಲ್ಲಿ ಕೆಲವು ದಿನ ಇದ್ದರು. ಏನೂ ಆಗಲಿಲ್ಲ ಎಂದು ಊರು ಹೇಳಿತು. ಸುಟ್ಟ ತೆರೆ ಕಿತ್ತು ಹಾಕಿ ವಾರದೊಳಗೆ ಟಾಕೀಸು ಮತ್ತೆ ಶುರುವಾಯಿತು. ಸಿನಿಮಾ ಇನ್ನೂ ಬಹಳ ವಾರ ಓಡಿತು. ಕರ್ಪೂರ ಹಚ್ಚಿದವರನ್ನು ಯಾರೂ ಕೇಳಲಿಲ್ಲ, ಅವರು ಅಲ್ಲೇ ಮತ್ತೆ ಸಿಳ್ಳೆ ಹೊಡೆದರು. ಬದಲಾದದ್ದು ಒಂದೇ. ಓಣಿಗಳ ಹಿರಿಯರು ಮತ್ತೊಮ್ಮೆ ಕೂಡಿ ಮ್ಯಾನೇಜರನ ಹತ್ತಿರ ಹೋದರು, ಜನಾನಾ ಮುಚ್ಚಿಸಿದರು. ಆ ಸಭೆಯಲ್ಲಿ ಕೀಲಿಯ ಮಾತೇ ಬರಲಿಲ್ಲವಂತೆ. ಹೆಂಗಸರು ಟಾಕೀಸಿಗೆ ಹೋದರೆ ಏನೇನು ನೋಡಬೇಕಾಗುತ್ತದೆ ಎಂಬ ಮಾತು ಬಂತಂತೆ. ಏನೇನು ಅಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಯಾರ ಮನೆಯ ಮಕ್ಕಳು ಯಾರ ಸೀರೆ ಹಿಡಿದು ಇಳಿದವು ಅನ್ನುವುದನ್ನು ಊರು ವಾರದಲ್ಲಿ ಮರೆಯಿತು. ಯಾರು ಸೀರೆ ಇಲ್ಲದೆ ಹೊರಗೆ ಬಂದಳು ಅನ್ನುವುದನ್ನು ವರ್ಷಗಟ್ಟಲೆ ನೆನಪಿಟ್ಟುಕೊಂಡಿತು. ನೀರು ತುಂಬುವಲ್ಲಿ ಒಬ್ಬಳು ನನ್ನ ಎದುರಿಗೇ ಮೌಶಿಗೆ ಕೊಂಕು ಆಡಿದಳು. ಅವಳ ಮಗನನ್ನು ಮೌಶಿಯೇ ಹಲಗೆ ದಾಟಿಸಿದ್ದಳು.

ಕಾಕಾ ಬೈಯಲಿಲ್ಲ. ಸ್ವಲ್ಪ ದಿನ ಬೇಡ ಅಂದ, ಅಷ್ಟೇ. ಊರು ಮರೆಯಲಿ, ಆಮೇಲೆ ನೋಡೋಣ ಅಂದ. ಮೌಶಿ ಹೂಂ ಅಂದಳು.

ಬೆಂಕಿಯಾದ ಮೂರನೆಯ ಸಂಜೆ ಓಣಿಯ ಹೆಂಗಸರು ಮೊರ ಹಿಡಿದುಕೊಂಡು ಅಂಗಳಕ್ಕೆ ಬಂದರು. ಮೊದಲು ಮೌಶಿಯ ಕೆಮ್ಮಿಗೆ ಕಷಾಯ ಹೇಳಿದರು. ಆಮೇಲೆ ಒಬ್ಬಳು ಮೆಲ್ಲಗೆ, "ಎಲ್ಲಿ ತನಕ ನೋಡೀರಿ ಅಲ್ಲಿ ತನಕನೇ ಹೇಳ್ರಲ್ಲ ಅಕ್ಕಾ" ಅಂದಳು. ಮೌಶಿ ಜೋಳದಿಂದ ಕಲ್ಲು ಆರಿಸುತ್ತಲೇ ಇದ್ದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅರ್ಧ ಸಿನಿಮಾವನ್ನು ಪೂರ್ತಿ ಮಾಡುವುದು ಅವಳಿಗೆ ಎಷ್ಟರ ಮಾತು! ಆ ನಾಯಕಿಗೆ ಮಾತು ಕೊಡುವುದು ಬಾಕಿ ಇತ್ತು. "ನನಗ ನೆನಪಿಲ್ಲ" ಅಂದಳು. ಹೆಂಗಸರು ಇನ್ನಷ್ಟು ಹೊತ್ತು ಕೂತರು, ಬೇರೆ ಮಾತಾಡಿದರು, ಎದ್ದು ಹೋದರು. ಮುಂದಿನ ಬೇಸಿಗೆಗೆ ನಾನು ಹೋದಾಗ ಸಂಜೆ ಆ ಅಂಗಳಕ್ಕೆ ಯಾರೂ ಬರುತ್ತಿರಲಿಲ್ಲ.

ನಾನು ಬೆಳೆದೆ, ಕಲಬುರಗಿಯಲ್ಲಿ ಕಾಲೇಜು ಓದಿದೆ, ಸಿಕ್ಕಾಪಟ್ಟೆ ಸಿನಿಮಾ ನೋಡಿದೆ. ಈಗಲೂ ನೋಡುತ್ತೇನೆ. ಬೇಸಿಗೆಗೆ ಬರುವ ದೊಡ್ಡ ಸಿನಿಮಾಗಳನ್ನು ಮೊದಲ ವಾರದಲ್ಲೇ ನೋಡುವುದು ನನ್ನ ಹಟ. ಅವುಗಳ ಮೇಲೆ ರೇಗುತ್ತೇನೆ, ಆದರೂ ಹೋಗುತ್ತೇನೆ. ಆದರೆ ಒಳಗೆ ಹೋದೊಡನೆ ಎಷ್ಟು ಬಾಗಿಲಿವೆ, ಯಾವ ಕಡೆಗೆ ತೆರೆಯುತ್ತವೆ ಎಂದು ನೋಡದೆ ಕೂರಲು ನನ್ನಿಂದ ಆಗುವುದಿಲ್ಲ. ನಾಯಕ ಪರದೆಯ ಮೇಲೆ ಬಂದಾಗ ಯುವಕರು ಮೊಬೈಲಿನ ದೀಪ ಹಚ್ಚಿ ಕುಣಿಯುತ್ತಾರೆ. ನನ್ನ ಕೈ ಕುರ್ಚಿಯ ಅಂಚನ್ನು ಹಿಡಿದಿರುತ್ತದೆ. ಗೆಳತಿಯರು ನಗುತ್ತಾರೆ. ಒಮ್ಮೆ ಸಂಗೀತ ನಾಟಕವೊಂದಕ್ಕೆ ಹೋದಾಗ ರಂಗದ ಮೇಲೆ ಧೂಪ ಹಾಕಿದರು. ನಾನು ಎದ್ದು ಹೊರಗೆ ಬಂದುಬಿಟ್ಟೆ. ಹಾಡು ಹೊರಗಿನಿಂದಲೇ ಕೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಲು ಧೈರ್ಯವಾಗಲಿಲ್ಲ.

ವಾಟ್ಸಾಪಿನಲ್ಲಿ ಆ ಫೋಟೊ ಬಂದ ವಾರವೇ ನಾನು ಬಸವಕಲ್ಯಾಣಕ್ಕೆ ಹೋದೆ. ಕಾಕಾನಿಗೆ ಈಗ ಕಣ್ಣು ಮಂದ. ಅಂಗಡಿಯನ್ನು ಸವಿತಾಳ ಗಂಡ ನೋಡಿಕೊಳ್ಳುತ್ತಾನೆ. ನಾನು ಬಂದೆನೆಂದು ತಿಳಿದು ತಡವರಿಸುತ್ತ ಹೋಗಿ ಮಾವಿನಹಣ್ಣು ತಂದುಕೊಟ್ಟ. ಫೋಟೊ ತೋರಿಸಿದೆ. ಕಣ್ಣಿನ ಹತ್ತಿರ ಹಿಡಿದು ನೋಡಿ, ಒಳ್ಳೆಯ ಟಾಕೀಸು ಇತ್ತು, ಪಾಪ ಅಂದ. ನನಗೆ ತಡೆಯಲಾಗಲಿಲ್ಲ. ಆ ಕೀಲಿ ಹಾಕಿಸಿದವರು ನೀವೇ ಅಲ್ಲವೇ ಎಂದು ಕೇಳಿಯೇಬಿಟ್ಟೆ. ಇಷ್ಟು ವರ್ಷ ಕೇಳದೇ ಇದ್ದದ್ದು. ಅವನು ಮೊಬೈಲನ್ನು ಮೆಲ್ಲಗೆ ನನ್ನ ಕೈಗೆ ವಾಪಸು ಕೊಟ್ಟ.

"ಆಗ ಎಲ್ಲಾರೂ ಹಾಕಸ್ತಿದ್ರವ್ವ" ಅಂದ. ಆಮೇಲೆ, "ನಿಮ್ಮ ಮೌಶಿಗಿ ನಾ ಎಂದೂ ಬ್ಯಾಡಂದಿಲ್ಲ. ಥೋಡೆ ದಿನ ಅಂದಿದ್ದೆ. ಆಕಿನೇ ಆಮ್ಯಾಲ ಕೇಳಲಿಲ್ಲ" ಅಂದ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಲೆಕ್ಕದಲ್ಲಿ ಅದೇ ಸತ್ಯ. ನನ್ನ ಸಿಟ್ಟು ಇಳಿದಿರಲಿಲ್ಲ, ಕೈಯಲ್ಲಿ ಅವನು ಕೊಟ್ಟ ಹಣ್ಣಿತ್ತು. ಒಳಗೆ ಹೋಗಿ ಮೌಶಿಗೆ ಹೇಳಿದೆ, ಕಲಬುರಗಿಯಲ್ಲಿ ದೊಡ್ಡ ಸಿನಿಮಾ ಬಂದಿದೆ, ಕಾರು ತಂದಿದ್ದೇನೆ, ನಾಳೆ ಮಧ್ಯಾಹ್ನ ಹೋಗಿ ಬರೋಣ ಎಂದು. ಹೊರಗಿನಿಂದ ಕಾಕಾನೂ, ಹೋಗಿ ಬಾ, ಎಸಿ ಇರುತ್ತದಂತೆ ಎಂದು ಕೂಗಿ ಹೇಳಿದ.

ಮೌಶಿ ರೊಟ್ಟಿ ಬಡಿಯುತ್ತಿದ್ದಳು. ಮೊಬೈಲಿನಲ್ಲಿ ಪೋಸ್ಟರು ತೋರಿಸಿದೆ. ಹಿಟ್ಟಿನ ಕೈಯನ್ನು ಹಿಂದಕ್ಕೆ ಹಿಡಿದು ಬಗ್ಗಿ ನೋಡಿದಳು. ಒಮ್ಮೆ ನಾಯಕನ ಮುಖ, ಒಮ್ಮೆ ನಾಯಕಿಯ ಮುಖ, ಹಿಂದೆ ನಿಂತ ಮುದುಕನ ಮುಖ. ಬಹಳ ಹೊತ್ತು ನೋಡಿದಳು. ಬಂಧುಗಳ ಮದುವೆಯ ಫೋಟೊದಲ್ಲಿ ಗುರುತಿನವರನ್ನು ಹುಡುಕುವ ಹಾಗೆ.

"ಇದರಾಗ ನನಗ ಯಾರೂ ಗುರ್ತಿಲ್ಲ ಉಮಾ" ಅಂದಳು. "ಯಾರಿಗಿ ನೋಡಾಕ ಬರ್ಲಿ?"

ಮತ್ತೆ ರೊಟ್ಟಿ ಬಡಿಯತೊಡಗಿದಳು. ನಾನು ಪಕ್ಕದಲ್ಲಿ ಕೂತು, ಟಾಕೀಸಿನಲ್ಲೂ ಟೀವಿಯಲ್ಲೂ ಅವಳು ಸಿನಿಮಾ ನೋಡದೆ ಹೋದ ವರ್ಷಗಳಲ್ಲಿ ಬಂದು, ಹೆಸರು ಮಾಡಿ, ಮುದುಕರಾಗಿ ಹೋದ ನಟನಟಿಯರನ್ನು ಎಣಿಸಲು ನೋಡಿದೆ. ಆ ಸಂಜೆಯೆಲ್ಲ ಎಣಿಸಿದರೂ ಮುಗಿಯಲಿಲ್ಲ.